ಔಕುಸೋನ ಬಲತೊಡೆ

ಆಮ್‌ಸ್ಟರ್‌ಡಾಮ್
14 ಏಪ್ರಿಲ್ 1996

ಅಕ್ಕಾ,

ಬಂದು ತಲುಪಿದೆ. ಮೈಯಲ್ಲಿ ಚಳಿ, ಹೊಟ್ಟೆಯಲ್ಲಿ ಆಲೂಗಡ್ಡೆ, ಉಳಿದಂತೆ ಕ್ಷೇಮ. ನೀನು ಕಟ್ಟಿಕೊಟ್ಟ ಕೋಕೋ ಉಂಡೆಗಳನ್ನು ವಿಮಾನ ನಿಲ್ದಾಣದ ಅಧಿಕಾರಿ ಮೂಸಿದ, ಅವನ ನಾಯಿ ಮೂಸಿತು, ಇಬ್ಬರಿಗೂ ಏನೆಂದು ತಿಳಿಯದೆ ನನ್ನನ್ನು ಬಿಟ್ಟುಬಿಟ್ಟರು.

ಈ ಊರನ್ನು ನೋಡಿದರೆ ನೀನು ನಗುತ್ತೀಯ. ಬೀದಿ ಇರಬೇಕಾದ ಕಡೆ ನೀರು. ಮನೆಗಳು ಸಪೂರ, ಎತ್ತರ. ಚರ್ಚಿನಲ್ಲಿ ಹಾಡಲು ನಿಂತ ಗಂಡಸರ ಹಾಗೆ ಭುಜಕ್ಕೆ ಭುಜ ತಾಗಿಸಿ ನಿಂತಿವೆ, ಕೆಲವು ತೂಕಡಿಸಿ ಮುಂದಕ್ಕೆ ವಾಲಿವೆ. ಜನವೆಲ್ಲ ಸೈಕಲ್ಲಿನ ಮೇಲೆ. ಮೊನ್ನೆ ಒಬ್ಬ ಹೆಂಗಸು ಮುಂದೊಂದು ಮಗು, ಹಿಂದೊಂದು ಮಗು, ಹ್ಯಾಂಡಲ್ಲಿಗೆ ಹೂವಿನ ಕಟ್ಟು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಸೇಬು ಕಚ್ಚುತ್ತ ಸೇತುವೆ ಇಳಿದು ಹೋದಳು. ನಾನು ನಿಂತಲ್ಲೇ ಚಪ್ಪಾಳೆ ತಟ್ಟಿದೆ.

ಬಿಳಿಯರೆಂದರೆ ಗೋಡೆಯ ಹಿಂದೆ ಬದುಕುವವರು ಎಂದುಕೊಂಡಿದ್ದೆ. ಇಲ್ಲಿ ಸಂಜೆ ದೀಪ ಹಚ್ಚಿದ ಮೇಲೂ ಪರದೆ ಎಳೆಯುವುದಿಲ್ಲ. ದೊಡ್ಡ ಕಿಟಕಿಯೊಳಗೆ ಇಡೀ ಸಂಸಾರ ಉಣ್ಣುವುದು, ಜಗಳವಾಡುವುದು, ಪಿಯಾನೋ ನುಡಿಸುವುದು ಎಲ್ಲ ಬೀದಿಗೆ ಕಾಣುತ್ತದೆ. ಥೇಟು ನಮ್ಮ ಗೋಡೆಯಿಲ್ಲದ ಮನೆಗಳ ಹಾಗೆ. ಒಂದು ಕಿಟಕಿಯ ಮುಂದೆ ನಿಂತು ಕೈಬೀಸಿದೆ. ಒಳಗಿನವರೂ ಬೀಸಿದರು. ಊಟಕ್ಕೆ ಕರೆಯುತ್ತಾರೆಂದು ಕಾದೆ. ಅವರು ತಮ್ಮ ಪಾಡಿಗೆ ಉಣ್ಣುತ್ತ ಕೂತರು.

ನನ್ನನ್ನು ಇಲ್ಲಿಗೆ ಕರೆಸಿಕೊಂಡ ಹಚ್ಚೆಗಾರ ಯೋಸ್ಟನನ್ನು ಕೇಳಿದೆ. "ಇಷ್ಟೆಲ್ಲ ತೆರೆದಿಡ್ತಾರೆ, ಮತ್ತೆ ಬಾ ಅಂತ ಯಾಕೆ ಕರೆಯಲ್ಲ?"

"ಆಲೂಗಡ್ಡೆ ಎಣಿಸಿ ಬೇಯಿಸಿರ್ತಾರೆ, ಎಸೆರಾ."

ಯೋಸ್ಟನ ಅಂಗಡಿಗೆ ದಾದಿಯರು, ಟ್ರಾಮ್ ಓಡಿಸುವವರು ಬರುತ್ತಾರೆ, ಒಬ್ಬ ಪಾದ್ರಿಯೂ ಬಂದಿದ್ದ. ಇವರಿಗೆ ಸೊಂಟದಿಂದ ಮಂಡಿಯವರೆಗಿನ ನಮ್ಮ ಪೂರ್ಣ ಹಚ್ಚೆ ಹಾಕುವುದಿಲ್ಲ. ತೋಳಿಗೊಂದು, ಕಾಲಿಗೊಂದು ಪಟ್ಟಿ, ಅಷ್ಟೆ. ಆದರೂ ಹಚ್ಚೆ ಬಾಚಣಿಗೆಯ ಚೂಪು ಹಲ್ಲು ಮಸಿಯಲ್ಲಿ ಅದ್ದಿ, ಚರ್ಮಕ್ಕಿಟ್ಟು, ಕೊಡತಿಯಿಂದ ಅದರ ಮೇಲೆ ತಟ್ಟುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಚರ್ಮ ಎಳೆದು ಹಿಡಿಯಲು ಸೆಮಿಸಿ ಎಂಬವನು ಸಿಕ್ಕಿದ್ದಾನೆ, ನಮ್ಮ ನೆರೆಯ ದ್ವೀಪ ಟೊಂಗಾದವನು, ಹಡಗು ಬಿಟ್ಟ ನಾವಿಕ. ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ.

ಇದನ್ನೆಲ್ಲ ಟಾನಿಯೆಲು ಅಣ್ಣನಿಗೆ ಓದಿ ಹೇಳಬೇಡ. ನಾನು ಹೊರಗಿನವರಿಗೆ ಹಚ್ಚೆ ಹಾಕಿದ್ದಕ್ಕೆ ಹಿರಿಯರ ಸಭೆಯಲ್ಲಿ ಅವನು ಅಂದದ್ದು ನನ್ನ ಬೆನ್ನ ಮೇಲೆ ಇನ್ನೂ ಕೂತಿದೆ. "ಊರಿಗೆ ದುಡಿಯದ ಮೈಗೆ ಹಚ್ಚೆ ಹಾಕೋನು ಈ ಊರಲ್ಲಿ ಇನ್ಮೇಲೆ ಕೊಡತಿ ಎತ್ತಬಾರದು." ಅಪ್ಪ ನಮ್ಮಿಬ್ಬರಿಗೂ ಒಂದೇ ಚಾಪೆಯ ಮೇಲೆ ಕಲಿಸಿದ ಕೆಲಸ ಅದು. ಇರಲಿ ಬಿಡು.

ನಿನ್ನ ತಮ್ಮ,
ಎಸೆರಾ


ಸವಾಯಿ ದ್ವೀಪ
19 ಮೇ

ತಮ್ಮಾ,

ಓದಿ ಹೇಳಬೇಡ ಎಂದು ಬರೆದಿದ್ದೀಯ. ನಾನು ಗಟ್ಟಿಯಾಗಿ ಓದುವವಳು, ಮನೆಗೆ ಗೋಡೆಯಿಲ್ಲ, ಅಣ್ಣ ಮೂರು ಮಾರು ದೂರದಲ್ಲಿ ತೆಂಗಿನ ನಾರು ಹೊಸೆಯುತ್ತ ಕೂತಿದ್ದ. ನಾನೇನು ಮಾಡಲಿ?

ಕೇಳಿಸಿಕೊಂಡ ಹಾಗೆ ತೋರಿಸಿಕೊಳ್ಳಲಿಲ್ಲ. ಸಂಜೆಯ ಪ್ರಾರ್ಥನೆ ಮುಗಿಯಿತು, ಬೇಯಿಸಿದ ದೀವಿಹಲಸು ಬಡಿಸಿದೆ, ಅರ್ಧ ಊಟವಾಯಿತು. ಆಮೇಲೆ ತಟ್ಟೆಯಿಂದ ಮುಖ ಎತ್ತದೆ ಕೇಳಿದ: "ಎಣಿಸಿ ಬೇಯಿಸ್ತಾರಂತಾ?"

"ಹೂಂ."

"ನೀರಿನ ಮೇಲೆ ಮನೆ ಕಟ್ಟೋಕೆ ಬರುತ್ತೆ, ಒಂದು ಗೆಡ್ಡೆ ಜಾಸ್ತಿ ಹಾಕೋಕೆ ಬರಲ್ಲ." ಅಷ್ಟೇ ಅವನ ಮಾತು. ಆದರೆ ಆ ಸೈಕಲ್ಲಿನ ಹೆಂಗಸನ್ನು ನೆನೆದು ನಾನು ನಕ್ಕಾಗ ಅವನ ಮೀಸೆಯೂ ಅಲುಗಿತು.

ಊರಿನಲ್ಲಿ ಸುದ್ದಿಯೆಂದರೆ ಔಕುಸೋ ಕೊನೆಗೂ ಹಚ್ಚೆಗೆ ಮೈ ಕೊಡುತ್ತಿದ್ದಾನೆ. ನಮ್ಮ ಬಸ್ಸು ಓಡಿಸುವ ಔಕುಸೋ, ಬ್ರೇಕು ಹಾಕುವ ಮೊದಲು ಹಾಡಿನ ಸದ್ದು ಏರಿಸುವವನು. ಅವನ ದೊಡ್ಡಪ್ಪನಿಗೆ ವಯಸ್ಸಾಯಿತು, ಮನೆತನದ ಹಿರಿತನ ಇವನ ಹೆಗಲಿಗೆ ಬರುವುದಿದೆ. ಹಚ್ಚೆಯಿಲ್ಲದ ಮೈಯಲ್ಲಿ ಸಭೆಯ ಮುಂದೆ ಕಾವಾ ಬೇರಿನ ಪಾನಕದ ಬಟ್ಟಲು ಹಿಡಿದು ನಿಲ್ಲುವುದು ಹೇಗೆ? ಅವನ ಜೊತೆಗೆ ನೋವು ಹಂಚಿಕೊಳ್ಳಲು ಸೋದರಸಂಬಂಧಿ ಇಯೋಸುವಾ ತಾನೂ ಹಚ್ಚೆಗೆ ಕೂರುತ್ತಾನಂತೆ. ಅಣ್ಣ ಬಾಚಣಿಗೆಗಳನ್ನು ಹೊರತೆಗೆದು ಉಜ್ಜುತ್ತಿದ್ದಾನೆ.

ಬೆಚ್ಚಗೆ ಹೊದ್ದುಕೋ. ಟೊಂಗಾದವರನ್ನು ಪೂರ್ತಿ ನಂಬಬೇಡ.

ಲಿಟಾರಾ


ಲಿಸ್ಬನ್
16 ಜೂನ್

ಅಕ್ಕಾ,

ಹಚ್ಚೆಯ ಕೆಲಸಕ್ಕೆ ಕರೆ ಬಂದು ಸೆಮಿಸಿಯೊಂದಿಗೆ ಇಲ್ಲಿಗೆ ಬಂದೆ. ಈ ಊರಿಗೆ ಏಳು ಬೆಟ್ಟ ಎನ್ನುತ್ತಾರೆ. ನನ್ನ ಮೊಣಕಾಲಿನ ಲೆಕ್ಕದಲ್ಲಿ ಎಪ್ಪತ್ತು. ಆದರೆ ಪ್ರತಿಯೊಂದು ಏರಿನ ಕೊನೆಗೂ ತಿರುಗಿ ನೋಡಿದರೆ ಕೆಂಪು ಹೆಂಚಿನ ಮಾಡುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನದಿಯಲ್ಲಿ ಕಾಲಿಟ್ಟ ಹಾಗೆ ಕಾಣುತ್ತದೆ. ಕಿಟಕಿಯಿಂದ ಕಿಟಕಿಗೆ ಬಟ್ಟೆ ಒಣಗುತ್ತದೆ, ಅದರ ಕೆಳಗೆ ಮುದುಕಿಯರ ಮಾತು ಈ ಮನೆಯಿಂದ ಆ ಮನೆಗೆ ಹೋಗಿಬರುತ್ತದೆ. ನಮ್ಮ ಊರನ್ನೇ ಎತ್ತಿ ನಿಲ್ಲಿಸಿದಂತಿದೆ.

ಮತ್ತೆ ಇಲ್ಲಿ ಊಟಕ್ಕೆ ಕರೆಯುತ್ತಾರೆ! ಸಂತ ಆಂಟನಿಯ ಹಬ್ಬದ ದಿನ ಎಲ್ಲರೂ ಬಾಗಿಲ ಮುಂದೆಯೇ ಕೆಂಡ ಮಾಡಿ ಮೀನು ಸುಡುತ್ತಿದ್ದರು, ಇಡೀ ಬೆಟ್ಟಕ್ಕೆ ಹೊಗೆ. ಇಡಾಲಿನಾ ಎಂಬ ವಿಧವೆ ನನ್ನ ಭುಜ ಹಿಡಿದು ಅಕ್ಷರಶಃ ಕುಕ್ಕರಿಸಿ ಕೂರಿಸಿದಳು. ರೊಟ್ಟಿಯ ಮೇಲೆ ಮೀನು, ಮೀನಿನ ಮೇಲೆ ಎಣ್ಣೆ, ತಟ್ಟೆ ಗಿಟ್ಟೆ ಇಲ್ಲ. ಅವಳ ಭಾಷೆ ನನಗೆ ಬರದು. ಆದರೆ "ಇಷ್ಟು ದೊಡ್ಡ ಮೈಗೆ ಇಷ್ಟೇನಾ ತಿನ್ನೋದು" ಎಂಬುದು ಯಾವ ಭಾಷೆಯಲ್ಲಿ ಬೈದರೂ ತಿಳಿಯುತ್ತದೆ. ಸೆಮಿಸಿ ಅವಳ ಮೀನು ತಿರುವಿಹಾಕುವ ಕೆಲಸಕ್ಕೆ ತಾನೇ ನಿಂತ. ಹಬ್ಬ ಮುಗಿದ ಮೇಲೂ ದಿನಾ ಹೋಗುತ್ತಿದ್ದಾನೆ. ಏನನ್ನು ತಿರುವಿಹಾಕುತ್ತಾನೋ ನಾನು ಕೇಳಿಲ್ಲ.

ಇನ್ನೊಂದು ಹೇಳಬೇಕು. ಇಲ್ಲಿ ಕಾಲುದಾರಿಗಳಿಗೆಲ್ಲ ಚಿಕ್ಕ ಚಿಕ್ಕ ಕಲ್ಲು, ಬಿಳಿ ಮತ್ತು ಕಪ್ಪು. ಅದರಲ್ಲೇ ಅಲೆ, ಬಳ್ಳಿ, ನಕ್ಷತ್ರ. ಬೀದಿಗೇ ಹಚ್ಚೆ ಹಾಕಿದ ಊರು, ಅಕ್ಕಾ. ನಿನ್ನೆ ಒಂದು ತಿರುವಿನಲ್ಲಿ ಟಕ್ ಟಕ್ ಟಕ್ ಎಂಬ ಸದ್ದು ಕೇಳಿ ನನ್ನ ಕಾಲು ತಾನಾಗಿ ನಿಂತಿತು. ಒಬ್ಬ ಮುದುಕ ಮಣೆಯ ಮೇಲೆ ಕೂತು, ಅಂಗೈಯಲ್ಲಿ ಕಲ್ಲು ಹಿಡಿದು, ಸುತ್ತಿಗೆಯಿಂದ ಅದರ ಮೂಲೆ ಒಡೆದು ಕೂರಿಸುತ್ತಿದ್ದ. ಕಣ್ಣು ಮುಚ್ಚಿದೆ. ಅಪ್ಪ ಕೆಲಸಕ್ಕೆ ಕೂತ ಹಾಗಿತ್ತು.

ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಚಡ್ಡಿಯ ಅಂಚು ಸರಿಸಿ ತೊಡೆಯ ಹಚ್ಚೆಯ ಗೆರೆ ತೋರಿಸಿದೆ. ಮುದುಕ ಸುತ್ತಿಗೆ ಕೆಳಗಿಟ್ಟ. ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸಿ ಗೆರೆಯ ಗುಂಟ ಹೋದ. ಆಮೇಲೆ ತನ್ನ ಕಪ್ಪು ಅಲೆ ತೋರಿಸಿ ಬಾಯಿ ತುಂಬ ನಕ್ಕ. ನನ್ನ ಕೈಗೂ ಒಂದು ಕಲ್ಲು ಕೊಟ್ಟ. ಕೂರಿಸಿದೆ. ತಲೆಯಾಡಿಸಿ ಮೆಚ್ಚಿದ. ನಾನು ಎದ್ದು ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅದನ್ನು ಕಿತ್ತು ತಾನೇ ಕೂರಿಸುತ್ತಿದ್ದ.

ಅಣ್ಣ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದ.

ಎಸೆರಾ


ಸವಾಯಿ ದ್ವೀಪ
28 ಜುಲೈ

ತಮ್ಮಾ,

ನಿನ್ನ ಲಿಸ್ಬನ್ ಬಂದಾಗ ನಮ್ಮ ಮನೆಯಲ್ಲಿ ಅದನ್ನು ಸವಿಯುವ ಸ್ಥಿತಿ ಇರಲಿಲ್ಲ.

ಔಕುಸೋನ ಬೆನ್ನು, ಸೊಂಟ, ಎಡತೊಡೆ ಚೆನ್ನಾಗಿ ಮುಗಿದಿದ್ದವು. ಇಯೋಸುವಾನದು ಪೂರ್ತಿಯಾಗಿತ್ತು. ಆ ಬೆಳಿಗ್ಗೆ ಔಕುಸೋ ಬಲತೊಡೆ ಕೊಟ್ಟು ಮಲಗಿದ. ತಲೆ ಅವನ ಅಮ್ಮನ ಮಡಿಲಲ್ಲಿ. ನಾವು ಹೆಂಗಸರು ಬೀಸಣಿಗೆ ಬೀಸುತ್ತ ಹಾಡುತ್ತಿದ್ದೆವು. ಅಣ್ಣ ಬಾಚಣಿಗೆ ಅದ್ದಿದ, ಕೊಡತಿ ಎತ್ತಿದ. ಎತ್ತಿದ್ದು ಇಳಿಯಲಿಲ್ಲ. ನಾವು ಹಾಡುತ್ತಲೇ ಇದ್ದೆವು, ತಟ್ಟುವ ಸದ್ದು ಮಾತ್ರ ಇಲ್ಲ. ನೋಡಿದರೆ ಅವನ ಬಲಗೈ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು. ಅವನು ಅದನ್ನು ಯಾರದೋ ಕೈಯೆಂಬಂತೆ ನೋಡುತ್ತ ಕೂತಿದ್ದ.

ಔಕುಸೋ ಕತ್ತು ತಿರುಗಿಸಿ, "ಏನ್ ಯಜಮಾನ್ರೇ, ಡೀಸೆಲ್ ಮುಗೀತಾ?" ಎಂದ.

 ಅಣ್ಣ ಕೊಡತಿಯನ್ನು ಬಟ್ಟೆಯ ಮೇಲಿಟ್ಟು, "ನಾಳೆ," ಎಂದು ಎದ್ದು ಹೋದ. ಮರುದಿನವೂ ಹಾಗೇ. ಅದರ ಮರುದಿನ ಅವನು ಬಾಚಣಿಗೆ ಅದ್ದಲೇ ಇಲ್ಲ. ತಪ್ಪು ಗೆರೆ ಒಂದೂ ಹಾಕಿಲ್ಲ, ಅದೊಂದು ಮರ್ಯಾದೆ ಉಳಿಸಿಕೊಂಡ.

ರಾಜಧಾನಿ ಆಪಿಯಾಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಅವನ ಕೈ ಹಿಡಿದು, ಬೆರಳಿನಿಂದ ಮೂಗು ಮುಟ್ಟಿಸಿ, ಜೀವಕ್ಕೇನೂ ಭಯವಿಲ್ಲ ಎಂದರು. ಕೆಲವು ಮನೆತನಗಳಲ್ಲಿ ಬರುತ್ತದಂತೆ. "ಸೂಕ್ಷ್ಮದ ಕೆಲಸ ಬಿಟ್ಬಿಡಿ" ಎಂದರು. 

ಔಕುಸೋ ಈಗ ಅರ್ಧ ಹಚ್ಚೆ ಕಾಣಬಾರದೆಂದು ಉದ್ದ ಪ್ಯಾಂಟು ಹಾಕಿಕೊಂಡು ಬಸ್ಸು ಓಡಿಸುತ್ತಾನೆ. ಈ ಸೆಕೆಯಲ್ಲಿ! ಪಕ್ಕದೂರಿನ ಹುಡುಗಿಯರು ಬಸ್ಸು ಹತ್ತುವಾಗ, "ಅರ್ಧ ಟಿಕೆಟ್ಟಾ, ಪೂರ್ತಿ ಟಿಕೆಟ್ಟಾ?" ಎಂದು ಕೇಳುತ್ತಾರೆ. ಅವನು ನಗುತ್ತಾನೆ. ಹಾಡು ಹಾಕುವುದನ್ನು ಬಿಟ್ಟಿದ್ದಾನೆ.

ನಿನಗೆ ಗೊತ್ತಿದೆ, ಒಬ್ಬರು ತೊಡಗಿದ್ದನ್ನು ಬೇರೆ ಮನೆತನದವರು ಮುಟ್ಟುವುದಿಲ್ಲ. ನಮ್ಮ ಮನೆತನದಲ್ಲಿ ಕೊಡತಿ ಬಲ್ಲ ಕೈ ಇನ್ನು ಒಂದೇ.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಲಿಟಾರಾ


ಇಸ್ತಾಂಬುಲ್
30 ಆಗಸ್ಟ್

ಅಕ್ಕಾ,

ಟೋಕಿಯೋಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದೆ. ಇಲ್ಲಿ ನನಗೆ ಕೆಲಸವಿಲ್ಲ, ಯಾರೂ ಕರೆದಿಲ್ಲ. ಬಾಚಣಿಗೆಗಳು ಪೆಟ್ಟಿಗೆಯಲ್ಲಿವೆ. ಸೆಮಿಸಿ ಲಿಸ್ಬನ್ನಿನಲ್ಲೇ ಉಳಿದ. ಇಡಾಲಿನಾ ಅವನಿಗೆ ಅಂಗಿ ಹೊಲಿಸಿದ್ದಾಳೆ, ಇನ್ನೇನು ಹೇಳಲಿ?

ದಿನವಿಡೀ ಹಡಗಿನಲ್ಲಿ ಆಚೆ ದಡಕ್ಕೆ ಹೋಗುವುದು, ಈಚೆ ದಡಕ್ಕೆ ಬರುವುದು, ಇದೇ ನನ್ನ ಕೆಲಸ. ಒಂದು ದಡ ಯುರೋಪು, ಇನ್ನೊಂದು ಏಷ್ಯಾ. ನಡುವೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಚಹಾದವನು ಹತ್ತು ಲೋಟದ ತಟ್ಟೆಯನ್ನು ಅಲೆಯ ಮೇಲೂ ತುಳುಕಿಸದೆ ತರುತ್ತಾನೆ. ಜನ ರೊಟ್ಟಿ ಚೂರು ಎಸೆದರೆ ಕಡಲಹಕ್ಕಿಗಳು ಗಾಳಿಯಲ್ಲೇ ಹಿಡಿಯುತ್ತವೆ. ಸೂರ್ಯ ಇಳಿಯುವಾಗ ಮಸೀದಿಯ ಗೋಪುರಗಳು, ಗುಮ್ಮಟಗಳು ಕಪ್ಪಾಗಿ, ಹಿಂದೆ ಆಕಾಶ ಮಾವಿನ ಬಣ್ಣವಾಗಿ ನಿಂತಾಗ, ಹಡಗಿನಲ್ಲಿ ದಿನಾ ಓಡಾಡುವವರೂ ಪತ್ರಿಕೆಯಿಂದ ತಲೆ ಎತ್ತಿ ನೋಡುತ್ತಾರೆ. ಎಷ್ಟು ವರ್ಷ ನೋಡಿದ್ದಾರೋ, ಇನ್ನೂ ಸಾಕಾಗಿಲ್ಲ. ಒಂದು ಊರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಏನಿದೆ?

ಪಕ್ಕದಲ್ಲಿ ಕೂತ ಬೂಟಿನ ವ್ಯಾಪಾರಿ ಹರುಕು ಇಂಗ್ಲಿಷಿನಲ್ಲಿ ಹೇಳಿದ: "ನನ್ನ ಮನೆ ಏಷ್ಯಾದಲ್ಲಿ, ಅಂಗಡಿ ಯುರೋಪಲ್ಲಿ. ಹೆಂಡ್ತಿ ಜೊತೆ ಜಗಳ ಆದ್ರೆ ಒಂದು ಖಂಡ ದೂರ ಇರ್ತೀನಿ."

"ಆಮೇಲೆ?"

"ಹಸಿವಾದ್ರೆ ವಾಪಸ್ ಹೋಗ್ತೀನಿ. ಖಂಡಕ್ಕಿಂತ ಹೊಟ್ಟೆ ದೊಡ್ಡದು, ತಮ್ಮಾ."

ನೀನು ಬರೆದದ್ದನ್ನು ಓದಿದೆ. ಹಡಗಿನಲ್ಲೇ ಓದಿದೆ. ಎಷ್ಟು ಸಲ ಆ ದಡ ಈ ದಡ ಆಯಿತೋ ನೆನಪಿಲ್ಲ.

ಅಣ್ಣ ನನ್ನನ್ನು ಕರೆದನೇ? ಕರೆದಿದ್ದರೆ ನೀನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೆ. ಎಲ್ಲರ ಮುಂದೆ ಕೊಡತಿ ಕಿತ್ತುಕೊಂಡವನು ತಾನೇ ಕೇಳಲಿ. ನನಗೂ ಒಂದು ಮೋರೆ ಇದೆ.

ಎಸೆರಾ


ಸವಾಯಿ ದ್ವೀಪ
2 ಅಕ್ಟೋಬರ್

ಎಸೆರಾ,

ನಿನಗೂ ಒಂದು ಮೋರೆ ಇದೆ, ಅವನಿಗೂ ಒಂದು ಮೋರೆ ಇದೆ. ಔಕುಸೋನಿಗೆ ಇರುವುದು ಒಂದು ಬಲತೊಡೆ. ನಿಮ್ಮಿಬ್ಬರ ಮೋರೆಗಳ ನಡುವೆ ಅದು ಬೋಳಾಗಿ ಬಿದ್ದಿದೆ.

ಕಳೆದ ಭಾನುವಾರ ಚರ್ಚಿನಿಂದ ಬರುವಾಗ ಅವನ ಅಮ್ಮ ನನ್ನ ಕೈ ಹಿಡಿದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮ ಅಣ್ಣ ಚೆನ್ನಾಗಿದಾರಾ?" ಎಂದು ಕೇಳಿದಳು. ಮನೆಗೆ ಬಂದು ಅಣ್ಣನ ಮುಂದೆ ಕೂತೆ.

"ತಮ್ಮನ್ನ ಕರೆಸು."

"ಸಭೇಲಿ ಆಡಿದ ಮಾತು. ಉಗುಳಿದ್ದನ್ನ ನುಂಗೋಕಾಗುತ್ತಾ?"

"ಹಾಗಾದ್ರೆ ಔಕುಸೋ ಹೀಗೇ ಸಾಯಲಾ?"

ಅವನು ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಕೂತ. ನನಗೆ ಬಂದಿದ್ದ ಕೋಪ ಆ ಕ್ಷಣ ಇಳಿದುಹೋಯಿತು, ತಮ್ಮಾ. ಆದರೆ ಸುಮ್ಮನಿರುವ ಜಾತಿ ನಾನಲ್ಲ. ಸಭೆಯ ಪರವಾಗಿ ಮಾತಾಡುವ ಹಿರಿಯ ಲೆಮಾಲು ಇದ್ದಾರಲ್ಲ, ನೇರ ಅವರ ಮನೆಗೆ ಹೋದೆ. ಒಂದು ಡಬ್ಬಿ ಉಪ್ಪುಮಾಂಸ ಮುಂದಿಟ್ಟು ಕೇಳಿದೆ.

"ಅಣ್ಣ ಆಡಿದ ಮಾತಲ್ಲಿ 'ಈ ಊರಲ್ಲಿ' ಅಂತ ಇತ್ತಾ, ಇರ್ಲಿಲ್ವಾ?"

ಅವರು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇತ್ತು."

"ಆಕ್ಲೆಂಡು ಈ ಊರಾ?"

"ಅಲ್ಲ."

"ಅಲ್ಲಿ ಅವನು ಕೊಡತಿ ಎತ್ತಿದ್ರೆ ಮಾತು ಮುರಿದಂಗಾಯ್ತಾ?"

ಲೆಮಾಲು ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. "ನೀನು ಗಂಡಸಾಗಿ ಹುಟ್ಟಿದ್ರೆ ನಮ್ಮ ಕೆಲಸ ಹೋಗ್ತಿತ್ತು ಕಣಮ್ಮ."

ಚಿಕ್ಕಪ್ಪನ ಮಗಳು ಸಿನೆವಾ ಆಕ್ಲೆಂಡಿನಲ್ಲಿದ್ದಾಳೆ, ಮಾಂಗೆರೆ ಬಡಾವಣೆಯಲ್ಲಿ. ಕಾರು ನಿಲ್ಲಿಸುವ ಶೆಡ್ಡು ದೊಡ್ಡದಿದೆ. ಔಕುಸೋನ ಮನೆಯವರು ಟಿಕೆಟ್ಟು ನೋಡಿಕೊಳ್ಳುತ್ತಾರೆ. ಟೋಕಿಯೋ ಮುಗಿಸಿಕೊಂಡೇ ಬಾ, ಬೇಡವೆನ್ನುವುದಿಲ್ಲ. ಆದರೆ ಬಾ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಕೇಳುತ್ತಿರುವವಳು ನಾನು.

ನಿನ್ನ ಅಕ್ಕ


ಟೋಕಿಯೋ
27 ಅಕ್ಟೋಬರ್

ಅಕ್ಕಾ,

ಬರುತ್ತೇನೆ. ಜನವರಿ ಮೊದಲ ವಾರ ಆಕ್ಲೆಂಡಿನಲ್ಲಿರುತ್ತೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ, ನೋಡಿಕೋ.

ಈಗ ಟೋಕಿಯೋ. ಇಷ್ಟು ಜನ ಇಷ್ಟು ಕಡಿಮೆ ಸದ್ದು ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ. ರೈಲಿನಲ್ಲಿ ನಮ್ಮ ಇಡೀ ದ್ವೀಪದಷ್ಟು ಮಂದಿ, ಒಬ್ಬರ ಉಸಿರು ಇನ್ನೊಬ್ಬರ ಕತ್ತಿಗೆ, ಆದರೂ ಒಬ್ಬರದೂ ಮಾತಿಲ್ಲ. ಔಕುಸೋ ಇಲ್ಲಿ ಬಸ್ಸು ಓಡಿಸಿದರೆ ಒಂದೇ ದಿನಕ್ಕೆ ಜೈಲು. ಆದರೆ ಒಂದು ಸಂಜೆ ದಾರಿ ತಪ್ಪಿ ನಿಂತಿದ್ದಾಗ, ಒಬ್ಬ ಗುಮಾಸ್ತ ನನ್ನ ಕೈಯಲ್ಲಿದ್ದ ವಿಳಾಸ ನೋಡಿ, ತನ್ನ ರೈಲು ಬಿಟ್ಟು, ಆ ಮನೆಯ ಬಾಗಿಲವರೆಗೆ ನಡೆದು ಬಂದು, ತಲೆಬಾಗಿ ಹೊರಟುಹೋದ. ಮಳೆ ಸುರಿಯುತ್ತಿತ್ತು. ದಾರಿಯುದ್ದಕ್ಕೂ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದಿದ್ದ, ತಾನು ನೆನೆದ.

ಸಾರ್ವಜನಿಕ ಸ್ನಾನದ ಮನೆಗೆ ಹೋಗಿದ್ದೆ. ಬಟ್ಟೆ ಕಳಚಿದ್ದೇ ತಡ, ಬಾಗಿಲಲ್ಲಿ ಕೂತ ಅಜ್ಜಿ ಎದ್ದು ಬಂದು ಎರಡೂ ಕೈ ಅಡ್ಡ ಹಿಡಿದಳು. ಹಚ್ಚೆಯಿದ್ದವರಿಗೆ ಒಳಗೆ ಬಿಡುವುದಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕಷ್ಟವಿತ್ತು. ಬಟ್ಟೆ ಹಾಕಿಕೊಂಡು ಹೊರಟೆ. ಓಡಿ ಬಂದು ಒಂದು ಬಿಸಿ ಗೆಣಸು ಕೈಗಿಟ್ಟಳು.

ನನ್ನನ್ನು ಕರೆದ ಹಚ್ಚೆಯ ಗುರು ಮೊರಿಯಾಮಾ, ಎಪ್ಪತ್ತು ದಾಟಿದವರು. ಅವರ ಬಳಿ ಬರುವವರು ಟೈ ಕಟ್ಟಿದ ಗುಮಾಸ್ತರು, ಮೀನಿನ ವ್ಯಾಪಾರಿಗಳು. ಅಂಗಿ ಬಿಚ್ಚಿದರೆ ಬೆನ್ನ ತುಂಬ ಹೂವು, ಮೀನು, ಮೋಡ. ಅಂಥ ಕೆಲಸವನ್ನು ನಾನು ಹಿಂದೆಂದೂ ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಆಮೇಲೆ ಅಂಗಿ ತೊಟ್ಟು ಗುಂಡಿ ಹಾಕಿಕೊಂಡು ರೈಲು ಹತ್ತುತ್ತಾರೆ, ಹೆಂಡತಿಯ ಹೊರತು ಯಾರೂ ನೋಡುವುದಿಲ್ಲ. ನಮ್ಮಲ್ಲಿ ಮುಗಿಯದ ಹಚ್ಚೆ ನಾಚಿಕೆ. ಇಲ್ಲಿ ಮುಗಿದದ್ದನ್ನೂ ಮುಚ್ಚಿಡಬೇಕು. ಪ್ಯಾಂಟು ತೊಟ್ಟ ಔಕುಸೋ ನೆನಪಾದ. ಬರುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದೆ, ನಿನ್ನ ಪತ್ರ ಬರುವುದಕ್ಕೂ ಎರಡು ದಿನ ಮೊದಲು. ನಂಬಿದರೆ ನಂಬು.

ಇಲ್ಲಿ ನನ್ನ ಕೆಲಸ ಚೆನ್ನಾಗಿ ಆಗಲಿಲ್ಲ. ಚರ್ಮ ಎಳೆಯಲು ಹೊಸಬರು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಮೊರಿಯಾಮಾ ನೋಡಿದರು, ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ನೋವಾಯಿತು.

ಅಣ್ಣ ಬರುತ್ತಾನೆಯೇ? ಇಲ್ಲ ಔಕುಸೋ ಒಬ್ಬನೇ?

ಎಸೆರಾ


ಸವಾಯಿ ದ್ವೀಪ
1 ಡಿಸೆಂಬರ್

ತಮ್ಮಾ,

ಬರುತ್ತಾನೆ. ಹೇಗೆ ಒಪ್ಪಿದನೆಂದು ಕೇಳಬೇಡ, ಆದರೂ ಹೇಳುತ್ತೇನೆ.

ಮೊದಲು ಆಗುವುದೇ ಇಲ್ಲ ಎಂದ. "ನಗರ ಅಂದ್ರೆ ಜನಾನ ನುಂಗೋ ಬಾಯಿ" ಎಂದ. "ನೀನು ಆಪಿಯಾ ಬಿಟ್ಟು ಯಾವ ಬಾಯಿ ನೋಡಿದೀಯ?" ಎಂದೆ. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ನಾನು ಎದುರಿಗೆ ನಿಂತು, ನಮ್ಮಲ್ಲಿ ತಂಗಿಯ ಶಾಪಕ್ಕೆ ಎಷ್ಟು ಬೆಲೆಯಿದೆ ಎಂದು ನೆನಪಿಸಿದೆ. ಶಪಿಸಲಿಲ್ಲ, ನೆನಪಿಸಿದೆ ಅಷ್ಟೆ. ಅವನು ಮೇಲೆದ್ದು, "ನಾನು ಊರು ನೋಡೋಕೆ ಹೋಗ್ತಿಲ್ಲ. ಔಕುಸೋ ಕಾಲು ಕಾಯೋಕೆ ಹೋಗ್ತೀನಿ," ಎಂದ.

ಅವತ್ತು ಸಂಜೆ ನಿನ್ನ ಹಳೆಯ ಪತ್ರಗಳ ಕಟ್ಟು ಅಡುಗೆಮನೆಯಲ್ಲಿ ಇಟ್ಟ ಜಾಗದಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಇತ್ತು. 

ಅವನ ಜೊತೆ ಮಾತು ಬೆಳೆಸಬೇಡ. ಊಟಕ್ಕೆ ಬಡಿಸು.

ಲಿಟಾರಾ


ಆಕ್ಲೆಂಡ್
26 ಜನವರಿ 1997

ತಂಗೀ,

ನಾನು ಪತ್ರ ಬರೆಯುವವನಲ್ಲ. ಅಕ್ಷರ ಹೀಗಿರುವುದು ಕೈ ಅಲುಗುವುದರಿಂದ, ಸಿಟ್ಟಿನಿಂದಲ್ಲ.

ಈ ಊರನ್ನು ಬೈಯಬೇಕೆಂದೇ ಬಂದೆ. ವಿಮಾನದ ಕಿಟಕಿಯಲ್ಲೇ ಅರ್ಧ ಸೋತೆ. ಮನೆಗಳ ನಡುನಡುವೆ ಹಸಿರು ಬೆಟ್ಟಗಳು, ನಮ್ಮ ಬೆಟ್ಟಗಳಂತೆ ಒಂದು ಕಾಲಕ್ಕೆ ಬೆಂಕಿ ಉಗುಳಿದವು. ಊರು ಅವುಗಳ ಸುತ್ತ ಬಳಸಿ ಹೋಗಿದೆ. ಎಸೆರಾ ಒಂದರ ನೆತ್ತಿಗೆ ಹತ್ತಿಸಿದ. ಮೇಲೆ ದನ ಮೇಯುತ್ತಿದ್ದವು, ಕೆಳಗೆ ಎರಡು ಕಡೆಯೂ ಸಮುದ್ರ. ಬಹಳ ಹೊತ್ತು ಕೂತೆವು. ಶನಿವಾರದ ಸಂತೆಯಲ್ಲಿ ನಮ್ಮವರು, ಟೊಂಗಾದವರು, ನಿಯುವೆ ದ್ವೀಪದವರು. ಕೆಸುವಿನ ಗೆಡ್ಡೆ ನಮ್ಮ ತೋಟದ್ದಕ್ಕಿಂತ ದಪ್ಪ. ಇದನ್ನು ಬೇರೆಯವರಿಗೆ ಹೇಳಬೇಡ.

ಬಸ್ಸಿನಲ್ಲಿ ಔಕುಸೋ ಚಾಲಕನ ಹಿಂದೆಯೇ ಕೂತು, "ಹಾಡೇ ಇಲ್ಲ! ಇದೇನು ಬಸ್ಸಾ, ಶವದ ಗಾಡಿನಾ?" ಎಂದು ಗೊಣಗುತ್ತಿದ್ದ. ಎದುರಿಗೆ ಒಬ್ಬ ಮಾವೊರಿ ಮುದುಕಿ ಕೂತಿದ್ದಳು, ಈ ನಾಡಿನ ಮೂಲದವಳು. ಗದ್ದದ ಮೇಲೆ ಹಚ್ಚೆಯ ಗೆರೆಗಳು, ಹಳೆಯ ಕೈಕೆಲಸ. ನಾನು ನೋಡುತ್ತಲೇ ಇದ್ದೆ. ಅವಳು, "ಏನಪ್ಪಾ, ನನ್ನ ಮೊಮ್ಮಗ ಆಗೋಕೆ ನಿನಗೆ ವಯಸ್ಸು ಜಾಸ್ತಿ ಆಯ್ತಲ್ಲ," ಎಂದಳು. ಇಡೀ ಬಸ್ಸು ನಕ್ಕಿತು. ನಾನು ಯಾವ ಕೆಲಸದವನೆಂದು ಎಸೆರಾ ಅವಳಿಗೆ ಹೇಳಿದ. ಅವಳು ನನ್ನ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಇಳಿದು ಹೋದಳು. ಇಂಥವರಿರುವ ಊರನ್ನು ಹೇಗೆ ಬೈಯಲಿ?

ಈಗ ಮುಖ್ಯ ವಿಷಯ. ವಿಮಾನ ನಿಲ್ದಾಣದಲ್ಲಿ ಎಸೆರಾ ನಿಂತಿದ್ದ. ಸೊರಗಿದ್ದಾನೆ. ಊಟವಾಯಿತೇ ಎಂದು ಕೇಳಿದೆ. ನನ್ನ ಕೈಯಿಂದ ಚೀಲ ತೆಗೆದುಕೊಂಡ. 

ಸಿನೆವಾಳ ಶೆಡ್ಡಿನಲ್ಲಿ ಚಾಪೆ ಹಾಸಿದರು. ಅವಳ ಅತ್ತೆ ಔಕುಸೋನ ತಲೆಯನ್ನು ಮಡಿಲಿಗೆ ತೆಗೆದುಕೊಂಡಳು. ಚರ್ಮ ಎಳೆಯಲು ಒಂದು ಪಕ್ಕಕ್ಕೆ ಸಿನೆವಾಳ ಗಂಡ. ಇನ್ನೊಂದು ಪಕ್ಕಕ್ಕೆ ಬರಬೇಕಾದವನು ಕಾರ್ಖಾನೆಯಿಂದ ಬರಲಿಲ್ಲ. ಎಸೆರಾ ಬಾಚಣಿಗೆ ಹಿಡಿದು ಕಾಯುತ್ತಿದ್ದ. ನನ್ನ ಕಡೆ ನೋಡಲಿಲ್ಲ. ಉದ್ದೇಶಪೂರ್ವಕವಾಗಿ ನೋಡಲಿಲ್ಲ. ನಾನು ಎದ್ದು ಹೋಗಿ ಆ ಪಕ್ಕದಲ್ಲಿ ಕೂತೆ.

ಅಪ್ಪ ಹೋದ ಮೇಲೆ ನಾನು ಎಳೆಯುವವನ ಜಾಗದಲ್ಲಿ ಕೂತಿರಲಿಲ್ಲ. ಅದು ಕಲಿಯುವವರ ಜಾಗ. ಕೈ ನಡುಗುತ್ತಿತ್ತು. ಔಕುಸೋನ ತೊಡೆಯ ಮೇಲೆ ಅಂಗೈ ಊರಿ ಒತ್ತಿ ಎಳೆದೆ. ನಡುಗುವುದು ನಿಂತಿತು, ಲಿಟಾರಾ. ಗಾಳಿಯಲ್ಲಿ ನಿಲ್ಲದ ಕೈ ಮೈಯ ಮೇಲೆ ಕಲ್ಲಿನಂತೆ ನಿಂತಿತು. ಎಸೆರಾ ಅದನ್ನು ಕಂಡ. ಅವನ ಕೊಡತಿ ಒಂದು ಗಳಿಗೆ ಮೇಲೆಯೇ ಉಳಿಯಿತು. ಆಮೇಲೆ ತಟ್ಟಲು ತೊಡಗಿದ.

ಔಕುಸೋ ನಮ್ಮಿಬ್ಬರನ್ನೂ ನೋಡಿ, "ಇಬ್ರೂ ಒಂದೇ ಗಾಡೀಲಿ ಹತ್ತಿದ್ರಲ್ಲ, ಇನ್ನು ನಾನು ಸತ್ರೂ ಚಿಂತೆಯಿಲ್ಲ," ಎಂದ. ಆಮೇಲೆ ನೋವಿಗೆ ಅಮ್ಮಾ ಎಂದು ಕಿರುಚಿದ.

ನಮ್ಮ ತಮ್ಮನ ಕೈ ಅಪ್ಪನ ಕೈಯಲ್ಲ, ನನ್ನ ಕೈಯೂ ಅಲ್ಲ. ಗೆರೆ ತೆಳು, ಅಂಚು ಚೂಪು. ಎಲ್ಲಿ ಕಲಿತೆ ಎಂದು ಕೇಳಿದೆ. "ಎಲ್ಲ ಕಡೆ" ಎಂದ. ನಾನು ಸೊಂಟದ ಮೇಲೆ ಹಾಕಿದ್ದೂ ಅವನು ತೊಡೆಯ ಮೇಲೆ ಹಾಕಿದ್ದೂ ಕೂಡುವ ಜಾಗವನ್ನು ಬೆಳಕಿನಲ್ಲಿ ಹುಡುಕಿದೆ. ಸಿಗಲಿಲ್ಲ.

ಹೊಕ್ಕುಳ ಮೇಲಿನ ಕೊನೆಯ ಗೆರೆಯೂ ಆಯಿತು. ಹಚ್ಚೆ ಮುಗಿದ ಗುರುತಿಗೆ ಔಕುಸೋನ ನೆತ್ತಿಯ ಮೇಲೆ ಮೊಟ್ಟೆ ಒಡೆದು, ಮೈಗೆ ಎಣ್ಣೆ ಪೂಸಿ, ಬೀದಿಯ ಜನವನ್ನೆಲ್ಲ ಕರೆದು ಉಣಿಸಿದೆವು. ಔಕುಸೋ ಶೆಡ್ಡಿನ ಮುಂದೆ ಕುಣಿದ. ಮಳೆ ಬಂದರೂ ನಿಲ್ಲಿಸಲಿಲ್ಲ.

ಈ ಪತ್ರವನ್ನು ಅವನ ಕೈಯಲ್ಲೇ ಕಳುಹಿಸುತ್ತಿದ್ದೇನೆ. ಅವನು ಒಬ್ಬನೇ ಬರುತ್ತಾನೆ. ಎಸೆರಾನಿಗೆ ಸಿಡ್ನಿಯಿಂದ ಕರೆ ಬಂದಿದೆ, ಆಮೇಲೆ ಇನ್ನೆಲ್ಲೆಲ್ಲಿಗೋ. ಅಲ್ಲಿ ಎಳೆಯಲು ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ ಎಂದ.  ಮರುದಿನ ಎರಡು ಟಿಕೆಟ್ಟು ತಂದ. ಸಿಡ್ನಿಯ ಬಂದರು ಬಹಳ ಚೆಂದ ಎನ್ನುತ್ತಾನೆ. ನೋಡೋಣ.

ಸಭೆಯಲ್ಲಿ ಆಡಿದ ಮಾತನ್ನು ನಾನೇ ಬಂದು, ಸಭೆಯಲ್ಲೇ ನಿಂತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ಹಿರಿಯರು ಟಾನಿಯೆಲು ಎಲ್ಲಿ ಎಂದು ಕೇಳಿದರೆ, ತಮ್ಮನ ಜೊತೆ ಚರ್ಮ ಎಳೆಯಲು ಹೋಗಿದ್ದಾನೆ ಎಂದು ಹೇಳು. ಎಲ್ಲರಿಗೂ ಕೇಳುವ ಹಾಗೆ ಹೇಳು.

ನಿನ್ನ ಅಣ್ಣ,
ಟಾನಿಯೆಲು